ಹತ್ತೊಂಬತ್ತನೇ ಟ್ರ್ಯಾಕಿನ ಮೂರು ತಟ್ಟು

'ತುಕ್ಕು' ಎಂಬ ಹೆವಿ ಮೆಟಲ್ ತಂಡದ ಬಗ್ಗೆ ಅದರ ಅಭಿಮಾನಿಗಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ; ಗೊತ್ತಿರುವುದರಲ್ಲಿ ನಿಜವೆಷ್ಟು ಎಂಬುದು ಬೇರೆ ಮಾತು. ಗಿಟಾರಿನವನು ಹಳೇ ತಂತಿಗಳನ್ನು ಕುದಿಯುವ ನೀರಿಗೆ ಹಾಕಿ ಮತ್ತೆ ಬಳಸುತ್ತಿದ್ದ, ಡ್ರಮ್ಮಿನವನು ಎಡಗಾಲಿಗೆ ಮಾತ್ರ ಬೂಟು ಹಾಕುತ್ತಿದ್ದ, ಮೊದಲ ಆಲ್ಬಮ್ಮಿನ ಮುಖಪುಟದ ತಲೆಬುರುಡೆ ಅಸಲಿಗೆ ಒಂದು ಹೂಕೋಸು. ಇಂಥವನ್ನೆಲ್ಲ ಅವರು ಮಗ್ಗಿಯಂತೆ ಒಪ್ಪಿಸುತ್ತಾರೆ. ಆದರೆ 'ಯಾರದು' ಹಾಡಿನ ವಿಷಯ ಬಂದರೆ ಕೈಕೈ ಮಿಲಾಯಿಸುವುದೊಂದು ಬಾಕಿ. ಆ ಹಾಡಿನ ನಾಲ್ಕನೇ ನಿಮಿಷಕ್ಕೆ ವಾದ್ಯಗಳೆಲ್ಲ ತಗ್ಗುತ್ತವೆ, ಬಾಗಿಲು ತಟ್ಟಿದಂಥ ಮೂರು ಸದ್ದು ಕೇಳುತ್ತದೆ. ಅದು ಸಾವು ಎಂದು ಕೆಲವರು, ಸೈತಾನ ಎಂದು ಕೆಲವರು, ಡ್ರಮ್ಮಿನವನನ್ನು ಬಿಟ್ಟುಹೋದ ಮೂವರು ಹೆಂಡಿರು ಎಂದು ತಲೆಹರಟೆಗಳು. ತಂಡದ ಹಾಡುಗಾರನಂತೂ ಕೇಳಿದವರಿಗೆಲ್ಲ ಒಂದೊಂದು ಅರ್ಥ ಹೇಳಿ ಸಾಗಹಾಕುತ್ತಿದ್ದ.

ಅವಳಿಗೆ ಈ ರಗಳೆ ಬೇಕಿರಲಿಲ್ಲ. ಹಳೇ ಟೇಪುಗಳಿಗೆ ಜೀವ ಕೊಡುವುದು ಅವಳ ಕಸುಬು. ಕೂದಲೆಳೆಯಷ್ಟು ಸದ್ದು ತಪ್ಪಿದರೂ ಹಿಡಿಯುತ್ತಾಳೆಂದು ಜೊತೆಯವರು ಅವಳಿಗೆ 'ಕಿವಿ' ಎಂದೇ ಹೆಸರಿಟ್ಟಿದ್ದರು. 'ಯಾರದು' ಇದ್ದ ಆಲ್ಬಮ್ಮನ್ನು ಹೊಸದಾಗಿ ಹೊರತರಲು ಕಂಪನಿಯವರು ಮೂಲ ಟೇಪುಗಳನ್ನು ಕಳಿಸುತ್ತೇವೆ ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡಳು. ಯಾಕೆಂದು ಕಂಪನಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

ಮೂವತ್ತನಾಲ್ಕು ವರ್ಷದ ಹಿಂದೆ ಆ ರೆಕಾರ್ಡಿಂಗಿನಲ್ಲಿ ಸಹಾಯಕ ಇಂಜಿನಿಯರ್ ಆಗಿದ್ದವನು ಅವಳ ಅಪ್ಪ. ಕೆಲಸದ ನಡುವೆಯೇ ಎದೆನೋವು ಬಂದು ತೀರಿಕೊಂಡಿದ್ದ. "ಒಂದೇ ಏಟಿಗೆ ಹೋದ್ರಮ್ಮ, ನರಳಲಿಲ್ಲ" ಎಂದು ತಂಡದವರು ಮನೆಗೆ ಬಂದು ಹೇಳಿದ್ದರು. ಆ ಒಂದು ಮಾತನ್ನು ನೆಚ್ಚಿಕೊಂಡೇ ಅಮ್ಮ ಇಷ್ಟು ಕಾಲ ಬಾಳಿದ್ದಳು. ಆಗ ಮಗಳಿಗೆ ಆರು ವರ್ಷ. ಅಪ್ಪನ ಫೋಟೊ ಎರಡಿದ್ದವು, ದನಿ ಮಾತ್ರ ಎಲ್ಲೂ ಇರಲಿಲ್ಲ. ಪ್ರತಿ ಟೇಕಿಗೂ ಮುಂಚೆ ಎಷ್ಟನೇ ಹಾಡು, ಎಷ್ಟನೇ ಟೇಕು ಎಂದು ಕೂಗುವುದು ಸಹಾಯಕನ ಕೆಲಸ. ಹಾಗಾಗಿ ಆ ಟೇಪಿನಲ್ಲಿ ಅಪ್ಪ ಇರಲೇಬೇಕಿತ್ತು. ಅವನ ದನಿಯನ್ನು ಒಂದೇ ಒಂದು ಸಲ ಕೇಳಬೇಕು, ಅಷ್ಟೇ ಅವಳ ಆಸೆ.

ಹಳೇ ಟೇಪು ಅಂಟಂಟಾಗಿ ಮೆಷಿನ್ನಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಸಣ್ಣ ಶಾಖದ ಪೆಟ್ಟಿಗೆಯಲ್ಲಿ ಎಂಟು ತಾಸು ಒಣಗಿಸಿ, ಆರಿಸಿ, ಮಧ್ಯಾಹ್ನ ಊಟ ಮುಗಿಸಿ ಬಂದು ಸುರುಳಿ ಏರಿಸಿದಳು. "ಮೊದಲ್ನೇ ಹಾಡು, ಟೇಕ್ ಎರಡು" ಎಂದಿತು ಒಂದು ದನಿ. ಸ್ವಲ್ಪ ಶೀತವಾದಂಥ, ನಗು ತಡೆದುಕೊಂಡಂಥ ದನಿ. ಅವಳು ಅದನ್ನು ಏಳು ಸಲ ಕೇಳಿದಳು, ಮೇಜಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು.

ಅಪ್ಪ ಮೂರನೇ ಹಾಡಿನವರೆಗೂ ಕೂಗಿದ್ದ. ಟೇಪಿನ ಡಬ್ಬಿಯ ಮೇಲಿನ ಪಟ್ಟಿಯಲ್ಲೂ ಮೂರನೇ ಹಾಡಿನವರೆಗೆ ಅವನ ದುಂಡಕ್ಷರ. ನಾಲ್ಕನೆಯದು 'ಯಾರದು'. ಅಲ್ಲಿಂದ ಬೇರೆ ಯಾರದೋ ಕೋಳಿಕಾಲು ಅಕ್ಷರ, ಬೇರೆ ಯಾರದೋ ದನಿ. ಒಂದೊಂದು ಸದ್ದನ್ನು ಬೇರೆಬೇರೆಯಾಗಿ ಹಿಡಿದಿಡುವ ಇಪ್ಪತ್ತನಾಲ್ಕು ಟ್ರ್ಯಾಕುಗಳಲ್ಲಿ ಹತ್ತೊಂಬತ್ತನೆಯದರ ಎದುರು 'ಬಾವಿ' ಎಂದು ಬರೆದಿತ್ತು. ಹಾಡು ಮುದ್ರಿಸಿದ ಸ್ಟುಡಿಯೋದ ನೆಲಮಾಳಿಗೆಯಲ್ಲಿ ಟೈಲ್ಸ್ ಹಾಕಿದ ಒಂದು ಖಾಲಿ ಕೋಣೆ. ಹಾಡನ್ನು ಅಲ್ಲಿನ ಸ್ಪೀಕರಿನಲ್ಲಿ ನುಡಿಸಿ, ಅದರ ಮಾರ್ದನಿಯನ್ನು ಮೈಕಿನಿಂದ ಹಿಡಿದು ಟೇಪಿಗೆ ಸೇರಿಸುತ್ತಿದ್ದರು. ಆ ಕೋಣೆಗೆ ಅವರಿಟ್ಟ ಹೆಸರು ಬಾವಿ.

ಉಳಿದದ್ದನ್ನೆಲ್ಲ ಮುಚ್ಚಿ ಬಾವಿಯನ್ನಷ್ಟೇ ತೆರೆದಳು. ನಾಲ್ಕನೇ ನಿಮಿಷ ಬಂತು. ಒಂದು ತಟ್ಟು. ತಡೆದು, ಬೆನ್ನುಬೆನ್ನಿಗೆ ಎರಡು.

ಆಲ್ಬಮ್ಮಿನಲ್ಲಿ ಆ ಮೂರರ ಮೇಲೆ ಡ್ರಮ್ಮಿನ ಏಟು ಕೂರಿಸಿ ತಾಳಕ್ಕೆ ಸಮ ಮಾಡಿದ್ದರು, ಹಾಗಾಗಿ ಯಾವತ್ತೂ ಗುರುತು ಸಿಕ್ಕಿರಲಿಲ್ಲ. ಒಂದು, ಆಮೇಲೆ ಎರಡು. ಕೆಲಸ ಮುಗಿಸಿ ಬಂದ ಅಪ್ಪ ಮನೆ ಬಾಗಿಲು ತಟ್ಟುತ್ತಿದ್ದದ್ದು ಹೀಗೆಯೇ. ಒಳಗಿನಿಂದ ಅವಳು ಎರಡು ತಟ್ಟಿ ಉತ್ತರ ಕೊಡಬೇಕಿತ್ತು. ಕೊಡದಿದ್ದರೆ ಅಮ್ಮ ಬಂದು ಬಾಗಿಲು ತೆಗೆದರೂ ಅಪ್ಪ ಒಳಗೆ ಕಾಲಿಡುತ್ತಿರಲಿಲ್ಲ. "ಇನ್ನೂ ಅಪ್ಪಣೆ ಆಗಿಲ್ವಲ್ಲ" ಎಂದು ಹೊಸ್ತಿಲಾಚೆ ಸುಮ್ಮನೆ ನಿಂತಿರುತ್ತಿದ್ದ.

ಹಾಡು ಮುಗಿದರೂ ಟೇಪು ಓಡುತ್ತಿತ್ತು. ಒಂದು, ಎರಡು. ಮತ್ತೆ ಒಂದು, ಎರಡು. ಬರಬರುತ್ತ ಮೆಲ್ಲಗೆ. ಮೇಲಿನ ಕೋಣೆಯ ಮೈಕಿಗೆ ಬಿದ್ದ ಮಾತೂ ಬಾವಿಯ ಸ್ಪೀಕರಿನಿಂದ ಮಾರ್ದನಿಯಾಗಿ ಕೇಳಿಸಿತು.

"ಏನೋ ಅದು ಸದ್ದು?"

"ಬಾವಿಯಿಂದ ಬರ್ತಿದೆ. ಸಖತ್ತಾಗಿದೆ ಕಣೋ, ಹಾಗೇ ಬಿಡು."

"ನಮ್ಮ ಇಂಜಿನಿಯರ್ ಎಲ್ಲಿ ಹಾಳಾಗಿ ಹೋದ?"

"ಟೀ ಕುಡಿಯೋಕೆ ಹೋಗಿರ್ತಾನೆ, ಬಿಡು."

ಎಲ್ಲರೂ ನಕ್ಕರು. ಕೆಳಗೆ ತಟ್ಟುವುದು ನಡೆದೇ ಇತ್ತು.

ಹೊಸ ಆವೃತ್ತಿಗೆ ಒಪ್ಪಿಗೆ ಕೊಡಲು ಹಾಡುಗಾರ ನಾಲ್ಕು ಗಂಟೆಗೆ ಬರುವವನಿದ್ದ, ಬಂದ. ವೇದಿಕೆಯ ಮೇಲೆ ಅವನನ್ನು 'ಗುಡುಗು' ಎಂದು ಕೂಗುತ್ತಿದ್ದರು. ಈಗ ಅರವತ್ತೈದು ದಾಟಿ, ಮಫ್ಲರ್ ಸುತ್ತಿಕೊಂಡು, ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದ. ತಾನು ಯಾರ ಮಗಳೆಂದು ಅವಳು ಹೇಳಲಿಲ್ಲ.

"ಮೂರು ತಟ್ಟು ಇನ್ನಷ್ಟು ಜೋರಾಗಿರಲಿ ಅಂತ ಕಂಪನಿಯವರ ಆಸೆ ಕಣಮ್ಮ. ಅದರ ಅರ್ಥಾನೂ ಆಲ್ಬಮ್ ಜೊತೆ ಬರೋ ಪುಸ್ತಿಕೆಯಲ್ಲಿ ಹಾಕಬೇಕಂತೆ" ಎಂದ.

"ಏನ್ ಅರ್ಥ ಹಾಕ್ಲಿ ಸರ್?"

"ಏನಾದ್ರೂ ಹಾಕು. ಸಾವು ಅಂತ್ಲೇ ಹಾಕು."

ಅವಳು ಬಾವಿಯ ಟ್ರ್ಯಾಕು ಹಾಕಿದಳು. ಅವನು ಕುರ್ಚಿಯಲ್ಲಿ ಕುಸಿದು ಕೂತ. ನಗುವಿನ ಭಾಗ ಬಂದಾಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಮೈಕ್ ಸರಿ ಮಾಡೋಕೆ ಇಳಿದಿದ್ದ, ಅಲ್ಲೇ ಎದೆನೋವು ಬಂದು ಕೂಗೋಕೂ ಆಗಿಲ್ಲ. ಬಾಗಿಲು ಮುಚ್ಕೊಂಡಿತ್ತು, ಅದಕ್ಕೆ ಹಿಡಿ ಇದ್ದದ್ದು ಹೊರಗಡೆ ಮಾತ್ರ. ನಾವು ತೆಗೆದು ನೋಡಿದ್ದು ಸಂಜೆಗೆ, ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು" ಎಂದ. ದನಿಯಲ್ಲಿ ಗುಡುಗೂ ಇರಲಿಲ್ಲ, ಮಿಂಚೂ ಇರಲಿಲ್ಲ. "ಅವನ ಹೆಂಡತಿಗೆ ಸುಳ್ಳು ಹೇಳಿದ್ವಿ. ಒಂದ್ ಸುಳ್ಳು ಮುಚ್ಚೋಕೆ ಊರಿಗೆಲ್ಲ ನೂರು ಅರ್ಥ ಹೇಳ್ದೆ. ನನ್ನ ಕರ್ಮ ನೋಡಮ್ಮ, ಅವತ್ತಿಂದ ಯಾವ ಊರಲ್ಲಿ ಆ ಹಾಡು ಹಾಡಿದ್ರೂ ನನ್ನ ಕಾಲಡಿಗೆ ತಟ್ತಾನೆ. ಏನೋ ಕೇಳ್ತಾನೆ. ಏನ್ ಉತ್ತರ ಕೊಡ್ಬೇಕು ಅಂತ ನನಗೆ ಗೊತ್ತಿಲ್ಲ."

ಅವಳಿಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಈ ಮುದುಕನ ಮಫ್ಲರ್ ಹಿಡಿದು ಎಳೆಯಬೇಕು ಅನ್ನಿಸಿತು. ಅಪ್ಪ ಸಾಯುತ್ತಿದ್ದದ್ದನ್ನು ಸಾವಿರಾರು ಜನ ತಲೆ ಕುಣಿಸುತ್ತ ಕೇಳಿದ್ದಾರೆ, ಇನ್ನು ಅದನ್ನೇ ಜೋರು ಮಾಡಿ ಕೇಳಿಸಬೇಕಂತೆ! ಸಿಟ್ಟಿನಲ್ಲೇ ಮೆಷಿನ್ನಿನ ಸ್ವಿಚ್ಚು ಆರಿಸಿದಳು. ಸುರುಳಿಗಳು ನಿಂತವು, ದೀಪಗಳು ಆರಿದವು.

ಹತ್ತೊಂಬತ್ತನೇ ಟ್ರ್ಯಾಕಿನ ಸದ್ದು ಅಳೆಯುವ ಮೀಟರಿನ ಮುಳ್ಳು ಮಾತ್ರ ಎದ್ದಿತು. ಒಂದು ಸಲ. ತಡೆದು, ಎರಡು ಸಲ. ಸತ್ತ ಸ್ಪೀಕರಿನಿಂದ ಸದ್ದು ಬಂತು, ಈ ಸಲ ತೀರ ಹತ್ತಿರದಿಂದ, ಮೇಜಿನ ಆಚೆ ಮಗ್ಗುಲಿನಿಂದ ತಟ್ಟಿದ ಹಾಗೆ. ಗುಡುಗು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

ಹೆದರಿಕೆ ಅವಳಿಗೂ ಆಯಿತು. ಆದರೂ ಕೈ ತಾನಾಗಿ ಮುಷ್ಟಿ ಕಟ್ಟಿತು. ಆರು ವರ್ಷದ ಹುಡುಗಿ ತಟ್ಟುತ್ತಿದ್ದಂತೆ ಮೇಜಿನ ಮೇಲೆ ಎರಡು ಸಲ ತಟ್ಟಿದಳು.

"ಬಾಪ್ಪ" ಎಂದಳು.

ಮುಳ್ಳು ಮಲಗಿತು. ಯಾರೋ ಹಿಡಿದಿಟ್ಟ ಉಸಿರು ಬಿಟ್ಟಂತೆ ಟೇಪಿನ ತುದಿ ಒಮ್ಮೆ ಅಲುಗಿತು, ಅಷ್ಟೇ. ಮತ್ತೆ ಸ್ವಿಚ್ಚು ಹಾಕಿ ಮೊದಲಿಂದ ಕೇಳಿದರೆ ಬಾವಿಯಲ್ಲಿ ಹಾಡಿನ ಮಾರ್ದನಿ ಮಾತ್ರ ಇತ್ತು. ಮೂರು ತಟ್ಟು ಇರಲಿಲ್ಲ. ಹಾಡು ಮುಗಿದ ಮೇಲೂ ಒಂದೂ ಇರಲಿಲ್ಲ.

ಹಾಡುಗಾರ ಅವಳ ಮುಖವನ್ನು ತುಂಬ ಹೊತ್ತು ನೋಡಿದ. ಅವಳು ಯಾರೆಂದು ಅವನಿಗೆ ಆಗ ಹೊಳೆದಿರಬೇಕು, ಕೈ ಮುಗಿದ. "ಹೀಗೇ ಇರ್ಲಮ್ಮ, ಹೀಗೇ ಬರ್ಲಿ. ಅಭಿಮಾನಿಗಳು ನನ್ನ ಚರ್ಮ ಸುಲೀತಾರೆ, ಸುಲೀಲಿ" ಎಂದು ಎದ್ದು ಹೋದ.

ಮನೆ ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿಂತೆ: ಅಮ್ಮನಿಗೆ ಏನು ಹೇಳುವುದು? ನರಳಲಿಲ್ಲ ಎಂಬ ಮಾತನ್ನು ಈ ವಯಸ್ಸಿನಲ್ಲಿ ಅವಳಿಂದ ಕಿತ್ತುಕೊಳ್ಳುವುದು ಹೇಗೆ? ಅಮ್ಮನಿಗೆ ಹತ್ತು ವರ್ಷದಿಂದ ಕಿವಿ ಒಂದಿಷ್ಟೂ ಕೇಳುತ್ತಿರಲಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಬೆಲ್ ಒತ್ತಿದರೆ ಅಡುಗೆಮನೆಯಲ್ಲಿ ಕೆಂಪು ಬಲ್ಬು ಹತ್ತುತ್ತಿತ್ತು, ಅದನ್ನು ನೋಡಿ ಬಂದು ಬಾಗಿಲು ತೆಗೆಯುತ್ತಿದ್ದಳು.

ಆದರೆ ಇವಳು ಬೆಲ್ ಒತ್ತುವ ಪ್ರಮೇಯವೇ ಬರಲಿಲ್ಲ. ಬಾಗಿಲು ಹಾರು ಹೊಡೆದಿತ್ತು. ಅಮ್ಮ ನಡುಮನೆಯಲ್ಲಿ ನಿಂತಿದ್ದಳು, ಸೆರಗಿಗೆ ಒದ್ದೆ ಕೈ ಒರೆಸುತ್ತ.

"ಏನಮ್ಮ, ಬಾಗಿಲು ಯಾಕೆ ತೆಗೆದಿಟ್ಟಿದೀಯ?"

"ನಾಲ್ಕೂವರೆ ಇರಬೇಕು, ಯಾರೋ ತಟ್ಟಿದ್ರು ಕಣೇ. ಬಲ್ಬು ಹತ್ತಲಿಲ್ಲ, ಸದ್ದೇ ಕೇಳಿಸ್ತು ನನಗೆ. ಒಂದು, ಆಮೇಲೆ ಎರಡು." ಅಮ್ಮ ಹೊಸ್ತಿಲ ಕಡೆ ನೋಡಿದಳು. "ತೆಗೆದೆ, ಯಾರೂ ಕಾಣಲಿಲ್ಲ. ನಿಮ್ಮಪ್ಪನ ಬುದ್ಧಿ ನನಗೆ ಗೊತ್ತಿಲ್ವೇ? ಅವಳಿನ್ನೂ ಕೆಲಸದಿಂದ ಬಂದಿಲ್ಲ ಕಣ್ರಿ, ಬನ್ನಿ ಒಳಗೆ ಅಂದೆ. ಇವತ್ತು ಅಪ್ಪಣೆಗೆ ಕಾಯ್ಲೇ ಇಲ್ಲ ನೋಡು. ಸೀದಾ ಬಂದ್ಬಿಟ್ರು."