ಫಕೀರವ್ವ ಬೇಡಿ ಮಾಡಿಸಿದ ಹಂಪ್

ನಾನು ಒಂದು ಹಂಪ್. ಜನ ನನ್ನನ್ನು ‘ಹಂಪ್ಸ್’ ಎಂದು ಬಹುವಚನದಲ್ಲಿ ಕರೆಯುತ್ತಾರೆ, ಗೌರವಕ್ಕಲ್ಲ, ಬೈಯಲಿಕ್ಕೆ. ಗಜೇಂದ್ರಗಡದ ಕಡೆ ಹೋಗುವ ರಸ್ತೆಗೆ ಹೊಸ ಡಾಂಬರು ಬಿದ್ದ ವರ್ಷ, ಒಂದು ಶಾಲೆಯ ಮುಂದೆ ಹುಟ್ಟಿದೆ. ಮೈ ಆರುವ ಮೊದಲೇ ಒಂದು ಟಂಟಂ ಗಾಡಿ ಹತ್ತಿ ಇಳಿಯಿತು. ಅಂದಿನಿಂದ ನನಗೆ ನೆಮ್ಮದಿ ಎಂಬುದೇ ಇಲ್ಲ.

ನನ್ನನ್ನು ಬೇಡಿದವಳು ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಫಕೀರವ್ವ. ಅವಳಿಗೆ ಗೂನುಬೆನ್ನು, ತಲೆ ಎತ್ತಿದರೂ ನಾಲ್ಕು ಮಾರಿನ ಆಚೆ ಕಾಣದು. ಮನೆ ಈ ಕಡೆ, ಶಾಲೆ ಆ ಕಡೆ. ರಸ್ತೆ ನುಣುಪಾದ ಮೇಲೆ ಗಾಡಿಗಳಿಗೆ ರೆಕ್ಕೆ ಬಂತು, ಇವಳು ಜೀವ ಕೈಯಲ್ಲಿ ಹಿಡಿದು ದಾಟಬೇಕಾಯಿತು. ಅರ್ಜಿ ಬರೆದುಕೊಟ್ಟವರು ಇಂಗ್ಲಿಷ್ ಕಲಿಸುವ ಕಳಕಪ್ಪ ಮಾಸ್ತರರು. ಅವರಿಗೆ ಶಬ್ದಗಳ ಹುಚ್ಚು. ಹಂಪ್ ಅಂದರೆ ಒಂಟೆಯ ಡುಬ್ಬ, ಸಣ್ಣ ದಿಬ್ಬ ಎಂದು ಹೇಳುತ್ತ ಹೋದವರು ನಡುವೆ ನಾಲಿಗೆ ಕಚ್ಚಿಕೊಂಡರಂತೆ. ಇನ್ನೊಂದು ಅರ್ಥ ಅವಳ ಬೆನ್ನ ಮೇಲೇ ಇತ್ತು. ಅವಳು ನಕ್ಕು, ಅದನ್ನೂ ಬರೀರಿ ಅಂದಳಂತೆ. ಅರ್ಜಿಗೆ ಉತ್ತರ ಬರಲಿಲ್ಲ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಡಾಂಬರು ಹಾಕುತ್ತಿದ್ದ ಕೂಲಿಗಳೇ ಕನಿಕರಪಟ್ಟು, ಉಳಿದ ಜಲ್ಲಿ ಡಾಂಬರಿನಲ್ಲಿ ನನ್ನನ್ನು ಮಾಡಿ ಹೋದರು.

ಕೆಳಗಿನಿಂದ ನನಗೆ ಕಾಣುವುದು ಗಾಲಿ, ಸೈಲೆನ್ಸರು, ಚಪ್ಪಲಿ. ಪೂರ್ತಿ ಮುಖ ಕಂಡದ್ದು ಅವಳೊಬ್ಬಳದೇ, ನೆಲ ನೋಡಿಕೊಂಡೇ ನಡೆಯುವವಳಲ್ಲವೇ. ಆ ಮುಖದ ಮೇಲೆ ನನಗೆ ಪ್ರಾಣ.

ಆರು ವರ್ಷ ಉಜ್ಜಿಸಿಕೊಂಡೆ. ಲಾರಿಯವರು ಶಾಪ ಹಾಕಿದರು, ಬೈಕಿನ ಹಿಂದೆ ಕೂತವರು ಸೊಂಟ ಹಿಡಿದುಕೊಂಡರು. ಒಳ್ಳೆಯವನೋ ಕೆಟ್ಟವನೋ ತಿಳಿಯದೆ ಚಡಪಡಿಸುತ್ತಿದ್ದೆ. ಅಷ್ಟರಲ್ಲಿ, ಅನುಮತಿ ಇಲ್ಲದ ಹಂಪ್ ತೆಗೆಯಬೇಕೆಂಬ ಆದೇಶ ಹಿಡಿದು ಇಂಜಿನಿಯರರು ಬಂದರು. ಊರಿನವರು ಪೀಡೆ ತೊಲಗಿತು ಎಂದರು. ಫಕೀರವ್ವ ಮಾತ್ರ ಎದುರು ಹೋಗಿ ನಿಂತಳು.

“ಸಾಹೇಬ್ರ, ನನ್ನ ಬೆನ್ನಿನ ಗೂನು ನಾ ಬೇಡಿದ್ದಲ್ರಿ. ಇದೊಂದು ಗೂನು ಬೇಡಿ ಪಡದೀನಿ.”

ಅವರು ಬೇರೆ ಕಡೆ ನೋಡುತ್ತ, ಆದೇಶ ಅಮ್ಮಾ ಎಂದರು. ಜೆಸಿಬಿ ಹಲ್ಲು ಹಚ್ಚಿತು. ತುಂಡು ತುಂಡಾಗಿ ರಸ್ತೆ ಬದಿಗೆ ಬಿದ್ದೆ.

ಮರುದಿನ ಬೆಳಿಗ್ಗೆ ಅವಳು ಬಂದು ಅಂಚಿನಲ್ಲಿ ನಿಂತಳು. ಮೂರು ಸಲ ಹೆಜ್ಜೆ ಇಟ್ಟಳು, ಮೂರು ಸಲ ಹಿಂದೆ ಸರಿದಳು. ಬೇಳೆಗೆ ನೀರಿಡುವ ಹೊತ್ತು ಮೀರುತ್ತಿತ್ತು. ಅವಳ ಕಣ್ಣಲ್ಲಿ ನೀರು ಕಂಡು ನನಗೆ ಸಂಕಟವಾಯಿತು. ಮಾಸ್ತರರು ಬಂದು ನನ್ನದೊಂದು ತುಂಡು ಎತ್ತಿಕೊಂಡರು. ಮತ್ತೆ ತಮ್ಮ ಶಬ್ದಕ್ಕೇ ಹೋದರು. ಹಂಪ್ ಎಲ್ಲಿಂದ ಬಂತೆಂದು ಖಾತ್ರಿಯಿಲ್ಲವಂತೆ, ಡಚ್ಚರ ಕಡೆಯಿಂದ ಇರಬಹುದಂತೆ. ಅವರಲ್ಲಿ ಅಂಥದೇ ಒಂದು ಶಬ್ದಕ್ಕೆ ಹೆಂಟೆ, ದಪ್ಪ ತುಂಡು ಎಂದು ಅರ್ಥವಂತೆ.

ಫಕೀರವ್ವ ಕಣ್ಣೊರೆಸಿಕೊಂಡಳು. “ಹಂಗಾರ ಹಂಪ್ ಇನ್ನೂ ಐತಿ ಅನ್ನರಿ. ಹಿಡೀರಿ ಮಾಸ್ತರ, ಸಾಲಾಗಿ ಇಡೂಣು.”

ಅವಳು ಆರಿಸಿ ಕೊಟ್ಟಳು, ಅವರು ರಸ್ತೆಗೆ ಅಡ್ಡ ಜೋಡಿಸಿದರು. ಲಾರಿಯೊಂದು ಬೈಯುತ್ತಲೇ ಬ್ರೇಕ್ ಹಾಕಿತು. ಅವಳು ದಾಟಿದಳು.

ಈಗ ದಿನಕ್ಕೆರಡು ಸಲ ನನ್ನನ್ನು ಹರಡುತ್ತಾರೆ, ಎರಡು ಸಲ ಎತ್ತಿ ಬದಿಗಿಡುತ್ತಾರೆ. ಮುದಿತನದಲ್ಲಿ ಮೂಲೆ ಸಿಗುತ್ತದೆಂದು ಕೇಳಿದ್ದೆ, ನನಗೆ ಅದೂ ಕಾಯಂ ಇಲ್ಲ. ನಿನ್ನೆ ಒಂದು ತುಂಡು ಗಾಲಿಗೆ ಸಿಕ್ಕಿ ಪುಡಿಯಾಯಿತು. ಇನ್ನು ಹನ್ನೊಂದು ಉಳಿದಿದ್ದೇನೆ. ಫಕೀರವ್ವನಿಗೆ ಅರವತ್ತು ತುಂಬಿ ಕೆಲಸ ಬಿಡಲು ಎರಡು ವರ್ಷವಿದೆ.