ರಾಜ್ಯಕ್ಕೊಂದು ಜೋಡಿ

ಮುಂಬಯಿ ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಜನವರಿ ಇಪ್ಪತ್ತಾರರಂದು ಧ್ವಜ ಏರಿದ ಮೇಲೆ ರಾಜ್ಯಗಳು ನಡೆಯುತ್ತವೆ. ರಾಜ್ಯಕ್ಕೊಂದು ಗಂಡ-ಹೆಂಡತಿ. ಆಯಾ ರಾಜ್ಯದ ಉಡುಪಿನಲ್ಲಿ ಧ್ವಜಕಂಬಕ್ಕೆ ಒಂದು ಸುತ್ತು. ಸೆಕ್ರೆಟರಿ ಮೈಕಿನಲ್ಲಿ ಹೆಸರು ಕೂಗುತ್ತಾರೆ. ಮದುವೆಯಾದಂದಿನಿಂದ ಕರ್ನಾಟಕ ಎಂದರೆ ನಾನು ಮತ್ತು ರೋಶನ್; ಕಂಬದ ಬದಿಗೆ ಅವನು, ಹೊರಬದಿಗೆ ನಾನು. ನಮ್ಮ ಮನೆಗಳು ಉಡುಪಿ ಕಡೆಯವು, ಮೈಸೂರು ಪೇಟ ಇಟ್ಟವರು ಯಾರೂ ಇಲ್ಲ. ಪೇಟವಿಲ್ಲದೆ ಬಂದರೆ ಇಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ ಎಂದು ರೋಶನ್ ದಾದರಿನಿಂದ ಒಂದನ್ನು ತಂದಿದ್ದ.

ಜುಲೈಯಲ್ಲಿ ಅವನು ತೀರಿಕೊಂಡ.

ಈ ಜನವರಿಯಲ್ಲಿ ಎರಡನೇ ಮಹಡಿಯ ಪ್ರಫುಲ್ಲಕ್ಕ ಬಂದರು. ಕಾರ್ಯಕ್ರಮದ ಉಸ್ತುವಾರಿ ಅವರದು.

“ಈ ಸಲ ಕರ್ನಾಟಕಕ್ಕೆ ಈಶ್ವರ, ಸಪ್ನಾ ಅಂತ ಆಯ್ತು ಮಾರಾಯ್ತಿ. ಹೊಸ ಜೋಡಿ, ಚಂದ ಕಾಣ್ತದೆ.”

“ನಾನೂ ನಡೀತೇನೆ ಅಕ್ಕ.”

“ಒಬ್ಬಳೇ?” ಅವರು ಹೊಸ್ತಿಲಲ್ಲೇ ನಿಂತರು. “ನನಗೇನಿಲ್ಲ ನಮಿತಾ. ಶುಭದ ದಿನ, ಜನ ಏನಾದ್ರೂ ಹೇಳ್ತಾರೆ. ನೀನು ಬಾಲ್ಕನಿಯಿಂದ ನೋಡು, ಅಲ್ಲಿಂದ ಎಲ್ಲ ಕಾಣ್ತದೆ.”

ಅತ್ತೆ ಊರಿಗೆ ಬಂದುಬಿಡು ಎನ್ನುತ್ತಿದ್ದಾರೆ. ನಾನು ಹುಟ್ಟಿದ್ದು ವಿಲೆ ಪಾರ್ಲೆಯಲ್ಲಿ. ಊರೆಂದರೆ ನನಗೆ ಶಾಲೆಯ ರಜೆ. ಈ ಅಂಗಳಕ್ಕೂ ಇಳಿಯಬಾರದೆಂದರೆ ಇನ್ನೆಲ್ಲಿಯವಳು ನಾನು?

ಮರುದಿನ ಈಶ್ವರ ಪೇಟ ಕೇಳಲು ಬಂದ. ಕಲಬುರಗಿ ಕಡೆಯವನು. ಅವನಪ್ಪ ಇದೇ ಬಿಲ್ಡಿಂಗ್ ಕಟ್ಟುವಾಗ ಇಟ್ಟಿಗೆ ಹೊತ್ತವರು. ತಲೆಗಿಟ್ಟುಕೊಂಡು ಕನ್ನಡಿ ನೋಡಿದ.

“ನಮ್ಮ ಕಡಿ ಇಂಥಾದ್ದು ಯಾರೂ ಹಾಕ್ಕೊಳ್ಳಂಗಿಲ್ರೀ ಅಕ್ಕಾರ. ರುಮಾಲ ಸುತ್ತತಾರ.”

“ನಮ್ಮ ಕಡೆಯೂ ಇಲ್ಲ.”

“ಮತ್ತ ಇದು ಯಾರದರೀ?”

“ಕರ್ನಾಟಕದ್ದು.”

ನಕ್ಕ. ಆಮೇಲೆ ಯಾರ ತಲೆಯ ಮೇಲಿತ್ತೆಂದು ನೆನಪಾಗಿರಬೇಕು. ಮೆಲ್ಲಗೆ ತೆಗೆದು, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಆ ದಿನ ಪಂಜಾಬ್ ನಡೆಯಿತು, ಬಂಗಾಳ ನಡೆಯಿತು. ಪೇಟ ಹೊತ್ತು ಕರ್ನಾಟಕವೂ ನಡೆಯಿತು, ಚಪ್ಪಾಳೆ ಜೋರಾಗಿತ್ತು. ಎಲ್ಲರೂ ಆದ ಮೇಲೆ, ಕೆಲಸಕ್ಕೆ ಹೋಗುವ ಸಲ್ವಾರಿನಲ್ಲೇ ನಾನು ಹೊರಟೆ. ಸೆಕ್ರೆಟರಿ ಮೈಕನ್ನು ಬಾಯಿಯ ಹತ್ತಿರ ತಂದರು. ನನ್ನನ್ನು ನೋಡಿದರು. ಏನೆಂದು ಕೂಗಬೇಕೋ ತಿಳಿಯದೆ ಕೆಳಗಿಳಿಸಿದರು.

ದೇಶ ಮುಗಿಯಿತೆಂದುಕೊಂಡು ಜನ ವಡಾ ಪಾವಿನ ಮೇಜಿನತ್ತ ಹೊರಟಿದ್ದರು. ಪ್ರಫುಲ್ಲಕ್ಕ ಮಾತ್ರ ನೋಡುತ್ತಿದ್ದರು. ಯಾರೂ ತಡೆಯಲಿಲ್ಲ. ಪೂರ್ತಿ ಒಂದು ಸುತ್ತು ಬಂದೆ.

ಕಂಬದ ಬದಿಗೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟೇ ನಡೆದಿದ್ದೆನೆಂದು ಸುತ್ತು ಮುಗಿದ ಮೇಲೆ ತಿಳಿಯಿತು.