ಎರಡನೇ ಕೋಣೆ

"ತೊಂಬತ್ತು ಅಂತ ಬರಿ," ಎಂದರು ಕ್ಯೂ ಮೇಷ್ಟ್ರು.

ಕೆಂಪು ಬಣ್ಣದ ಡಬ್ಬಿ ಹಿಡಿದು ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಪೇಂಟರು ತಲೆಯೆತ್ತಿದ. "ನಿನ್ನೆ ನೀವೇ ಲೆಕ್ಕ ಹಾಕಿ ಇಲ್ಲಿಂದ ಬಾಗಿಲಿಗೆ ಕ್ಯೂನಲ್ಲಿ ಅರವತ್ತು ನಿಮಿಷ ಅಂದ್ರಲ್ಲ?"

"ಅರವತ್ತೇ. ಅದಕ್ಕೇ ತೊಂಬತ್ತು ಅಂತ ಬರಿ. ಅರವತ್ತು ಅಂತ ಬರೆದು ಅರವತ್ತೈದಾಯ್ತು ಅಂದ್ಕೋ, ಜನ ನಮ್ಮನ್ನ ಹರಿದು ತಿಂತಾರೆ. ತೊಂಬತ್ತು ಅಂತ ಬರೆದು ಎಪ್ಪತ್ತಕ್ಕೆ ಒಳಗೆ ಬಿಡು, ಥ್ಯಾಂಕ್ಸ್ ಹೇಳ್ಕೊಂಡು ಹೋಗ್ತಾರೆ."

"ಸುಳ್ಳು ಹೇಳ್ದಂಗಾಯ್ತಲ್ಲ ಮೇಷ್ಟ್ರೇ."

"ಅದರಿಂದ ಯಾರ ಮನೆ ಹಾಳಾಯ್ತು ಹೇಳು."

ಪೇಂಟರಿಗೆ ಯಾರ ಮನೆಯೂ ನೆನಪಾಗಲಿಲ್ಲ. 'ಇಲ್ಲಿಂದ ತೊಂಬತ್ತು ನಿಮಿಷ' ಎಂದು ಬರೆದು, ಆಫೀಸಿನವರ ಅಪ್ಪಣೆಯಂತೆ ಪ್ರತಿ ಅಕ್ಷರದ ಕೆಳಗೂ ರಕ್ತ ಸೋರಿದ ಹಾಗೆ ಒಂದೊಂದು ಗೆರೆ ಎಳೆದ.

ಭಾನುವಾರ ಅಮ್ಯೂಸ್‌ಮೆಂಟ್ ಪಾರ್ಕಿನ ಹೊಸ ಭಯದ ಮನೆ ತೆರೆಯುವುದಿತ್ತು. ಹೆಸರು 'ಮುಳುಗಿದ ಮನೆ'. ಮೂರು ತಿಂಗಳಿನಿಂದ ಊರಿನ ಬಸ್ಸುಗಳ ಹಿಂಬದಿಯಲ್ಲೆಲ್ಲ ನೀರಿನಿಂದ ಅರ್ಧ ಮೇಲೆದ್ದ ಒಂದು ಮುಖ ಓಡಾಡುತ್ತಿತ್ತು. ಮೂಗಿನ ಕೆಳಗೆ ಏನಿದೆ ಎಂದು ತೋರಿಸಿರಲಿಲ್ಲ. ಅಸಲಿಗೆ ಒಳಗಿದ್ದದ್ದು ಒಂಬತ್ತು ನಿಮಿಷದ ಕತ್ತಲು, ಮೊಣಕಾಲುದ್ದ ನೀರು, ಆರು ದೋಣಿ, ನಾಲ್ಕು ರಬ್ಬರಿನ ಹೆಣ. ಅಷ್ಟಕ್ಕೆ ಜನ ಒಂದು ಗಂಟೆಗೂ ಮೇಲೆ ನಿಲ್ಲಬೇಕು, ನಿಂತಷ್ಟೂ ಆಸೆ ಏರಬೇಕು, ಕಾಲು ಸೋತರೂ ಸಾಲು ಬಿಟ್ಟು ಹೋಗಬಾರದು. ಆ ಕೆಲಸ ಮೇಷ್ಟ್ರದು. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದರು. ಪಾಠ ಹೇಳಿದವರಲ್ಲ, ಶಾಲೆಯನ್ನು ಪೂರ್ತಿ ಮುಗಿಸಿದವರೂ ಅಲ್ಲ. ಊರಿಗೆ ಊರನ್ನೇ ಸಾಲಾಗಿ ನಿಲ್ಲಿಸುತ್ತಾರಲ್ಲ ಎಂದು ಕ್ಯಾಂಟೀನಿನವರು ಇಟ್ಟ ಹೆಸರು ಅಂಟಿಕೊಂಡಿತ್ತು.

ಅವರಿಗೆ ತಮ್ಮ ಕಸುಬಿನ ಬಗ್ಗೆ ಸ್ವಲ್ಪ ಜಂಬವೂ ಇತ್ತು, ಇಲ್ಲವೆನ್ನಲಾಗದು. ಸಾಲನ್ನು ಯಾವತ್ತೂ ಉದ್ದಕ್ಕೆ ಬಿಡಬಾರದು, ಹತ್ತು ಹೆಜ್ಜೆಗೊಮ್ಮೆ ತಿರುಗಿಸಬೇಕು. ಪೂರ್ತಿ ಸಾಲು ಕಣ್ಣಿಗೆ ಬಿದ್ದರೆ ಎಂಥವನ ಎದೆಯೂ ಕುಸಿಯುತ್ತದೆ. ಮೂರನೇ ತಿರುವಿನಿಂದ ಒಳಗಿನ ಕಿರುಚಾಟ ಕೇಳಿಸಬೇಕು. ಆ ಕಿರುಚಾಟ ಕ್ಯಾಂಟೀನಿನ ನಾಲ್ವರು ಹೆಂಗಸರದು, ಒಂದು ಮಧ್ಯಾಹ್ನ ನಗು ತಡೆದುಕೊಂಡು ರೆಕಾರ್ಡಿಂಗಿಗೆ ಕಿರುಚಿದ್ದು. ಇದೆಲ್ಲಕ್ಕಿಂತ ದೊಡ್ಡದು ಎರಡನೇ ಕೋಣೆ. ನಲವತ್ತು ನಿಮಿಷ ನಿಂತವನಿಗೆ 'ಸಾಕಪ್ಪ' ಎನಿಸುವ ಹೊತ್ತಿಗೆ ಸರಿಯಾಗಿ ಒಂದು ಬಾಗಿಲು ತೆರೆಯುತ್ತದೆ. ಒಳಗೆ ಮಂದ ಬೆಳಕು, ಒದ್ದೆ ಗೋಡೆ, ತೂಗುಹಾಕಿದ ಹಳೇ ಫೋಟೋಗಳು, ಎದುರಿಗೆ ಮುಚ್ಚಿದ ಇನ್ನೊಂದು ಬಾಗಿಲು. ಬಂದೇಬಿಟ್ಟೆ ಅಂದುಕೊಳ್ಳುತ್ತಾನೆ. ಬಂದಿರುವುದಿಲ್ಲ, ಅದೂ ಸಾಲೇ. ಆದರೆ ಬಂದೆ ಅಂದುಕೊಂಡವನು ಹೋಗುವುದಿಲ್ಲ. ಆ ಕೋಣೆ ಮೇಷ್ಟ್ರದೇ ಯೋಚನೆ. ಪಾರ್ಕಿನ ಬೇರೆ ಆಟಗಳಿಗೂ ಈಗ ಅಂಥ ಕೋಣೆಗಳಾಗಿದ್ದವು.

"ಜನಕ್ಕೆ ಕಾಯೋದು ಕಷ್ಟ ಅಲ್ಲ ಕಣಯ್ಯ. ಕಾಯ್ತಾ ಇದೀವಿ ಅಂತ ಗೊತ್ತಾಗೋದು ಕಷ್ಟ," ಎಂದು ಪೇಂಟರಿಗೆ ಹೇಳುತ್ತಿರುವಾಗಲೇ ಅವರ ಫೋನು ಹೊಡೆದುಕೊಂಡಿತು. ಹೆಂಡತಿ. ಅತ್ತ ಕಡೆಯಿಂದ ಮಾತಿಗಿಂತ ಮೊದಲು ಉಸಿರು ಕೇಳಿಸಿತು.

"ರೀ, ಆಸ್ಪತ್ರೆಯಿಂದ ಫೋನ್ ಮಾಡಿದ್ರು. ನನ್ನ ಹೆಸರು ಮುಂದಕ್ಕೆ ಹೋಗಿದೆಯಂತೆ! ಗುರುವಾರದಿಂದ ಆಚೆ ಹಾಲಲ್ಲಿ ಕೂರೋದು ಬೇಡ, ಒಳಗಿನ ಕೋಣೆಗೆ ಬನ್ನಿ ಅಂದ್ರು."

ಮೇಷ್ಟ್ರು ಹಗ್ಗದ ಕಂಬ ಹಿಡಿದುಕೊಂಡು ನಿಂತರು. ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಮಿಕ್ಕ ದಿನ ಅದರ ಸುಸ್ತು. ಬೇರೆ ಕಿಡ್ನಿಗಾಗಿ ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರು ಬರೆಸಿ, ತಿಂಗಳಿಗೊಮ್ಮೆ ಹಾಲಿನ ಮರದ ಬೆಂಚಿನ ಮೇಲೆ ಕೂತು, "ಇನ್ನೂ ಇಲ್ಲ, ಮುಂದಿನ ತಿಂಗಳು ಬನ್ನಿ" ಎಂದು ಕೇಳಿಸಿಕೊಂಡು ಬರುವುದು ರೂಢಿಯಾಗಿತ್ತು. ಮೇಷ್ಟ್ರ ಕಣ್ಣು ತುಂಬಿತು. ಪೇಂಟರು ಕಾಣದವನ ಹಾಗೆ ಕುಂಚ ತೊಳೆಯತೊಡಗಿದ.

ಗುರುವಾರ ಇಬ್ಬರೂ ಹೋದರು. ಒಳಗಿನ ಕೋಣೆಯಲ್ಲಿ ಬೆಂಚುಗಳ ಬದಲು ಮೆತ್ತನೆ ಕುರ್ಚಿಗಳಿದ್ದವು. ಗೋಡೆಯ ಮೇಲೆ ಜಲಪಾತದ ಚಿತ್ರ, ಮೂಲೆಯಲ್ಲಿ ಮೀನಿನ ತೊಟ್ಟಿ, ಎದುರಿಗೆ ಬಿಳಿ ಬಣ್ಣದ ಮುಚ್ಚಿದ ಬಾಗಿಲು. ಹನ್ನೊಂದು ಜನ ಕೂತಿದ್ದರು, ಎಲ್ಲರ ಮುಖವೂ ಆ ಬಾಗಿಲಿನ ಕಡೆಗೆ. ಹೆಂಡತಿ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. "ಎಷ್ಟು ಚೆನ್ನಾಗಿದೆಯಲ್ವಾ?" ಎಂದು ಪಿಸುಗುಟ್ಟಿದಳು.

ಮೇಷ್ಟ್ರು ನೆಲ ನೋಡುತ್ತಿದ್ದರು. ಅದು ಅವರ ಚಾಳಿ. ಸಾಲು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎನ್ನುವುದನ್ನು ಜನ ಮುಚ್ಚಿಟ್ಟರೂ ನೆಲ ಮುಚ್ಚಿಡುವುದಿಲ್ಲ. ಹೊರಬಾಗಿಲಿನಿಂದ ಕುರ್ಚಿಗಳವರೆಗೆ ಹಾಸು ಸವೆದು ಮಾಸಲಾಗಿತ್ತು. ಕುರ್ಚಿಗಳ ಮುಂದೆ ಕಾಲು ಉಜ್ಜಿ ಉಜ್ಜಿ ಎರಡೆರಡು ಮಚ್ಚೆ ಬಿದ್ದಿದ್ದವು. ಕುರ್ಚಿಗಳಿಂದ ಬಿಳಿ ಬಾಗಿಲಿನವರೆಗೆ ಮಾತ್ರ ನೆಲ ಹೊಸದರಂತೆ ಹೊಳೆಯುತ್ತಿತ್ತು. ಬಾಗಿಲ ಹಿಡಿಯ ಸುತ್ತ ಒಂದು ಬೆರಳಿನ ಗುರುತೂ ಇರಲಿಲ್ಲ.



ಹೆಂಡತಿಯನ್ನು ರಕ್ತ ತೆಗೆಯಲು ಕರೆದುಕೊಂಡು ಹೋದಮೇಲೆ ಅವರು ಎದ್ದು ಪಟ್ಟಿ ನೋಡಿಕೊಳ್ಳುವ ಗುಮಾಸ್ತೆಯ ಮೇಜಿನ ಹತ್ತಿರ ಹೋದರು. ದಪ್ಪ ಕನ್ನಡಕದ, ಮಾತು ಕಡಿಮೆಯ ಹೆಂಗಸು.

"ಮೇಡಂ, ಆ ಬಿಳಿ ಬಾಗಿಲು ಎಲ್ಲಿಗೆ ಹೋಗುತ್ತೆ?"

ಅವಳು ತಲೆಯೆತ್ತಿ ನೋಡಿದಳು. ಇದುವರೆಗೆ ಯಾರೂ ಕೇಳಿರಲಿಲ್ಲವೇನೋ. "ಸ್ಟೋರ್ ರೂಮಿಗೆ," ಅಂದಳು.

"ಈ ಕೋಣೆಯಿಂದ ಆಪರೇಷನ್‌ಗೆ ಅಂತ ಯಾರನ್ನಾದ್ರೂ ಕರೆದಿದೀರಾ?"

"ನೀವು ಏನ್ ಕೆಲಸ ಮಾಡ್ತೀರಿ?"

"ಜನರನ್ನ ಕಾಯಿಸೋ ಕೆಲಸ."

ಗುಮಾಸ್ತೆ ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸಿದಳು. ಕನ್ನಡಕವಿಲ್ಲದ ಅವಳ ಕಣ್ಣುಗಳು ಚಿಕ್ಕದಾಗಿ, ದಣಿದು ಕಂಡವು. "ನಿಮ್ಮ ಮನೆಯವರ ಹೃದಯ ಆಪರೇಷನ್ ತಡೆಯಲ್ಲ. ಹೋದ ತಿಂಗಳ ಟೆಸ್ಟಲ್ಲಿ ಗೊತ್ತಾಗಿದೆ. ಡಾಕ್ಟರು ನಿಧಾನಕ್ಕೆ ಹೇಳ್ತಾರೆ, ಕೆಲವರಿಗೆ ಹೇಳೋದೂ ಇಲ್ಲ. ಹೆಸರು ಹೊಡೆದುಹಾಕಿದ್ರೆ ಏನಾಗುತ್ತೆ ಗೊತ್ತಾ? ಮಾರನೇ ವಾರದಿಂದ ಡಯಾಲಿಸಿಸ್‌ಗೇ ಬರಲ್ಲ. ಮನೇಲಿ ಮಲಗಿಬಿಡ್ತಾರೆ. ಹದಿನೈದು ದಿನ, ಅಷ್ಟೇ. ಎಷ್ಟು ಜನರನ್ನ ನೋಡಿದೀನಿ. ಈ ಕೋಣೆಗೆ ಕರೆದ್ರೆ ಆಸೆಯಿಂದ ಒಂದು ವರ್ಷ ಡಯಾಲಿಸಿಸ್‌ಗೆ ಬರ್ತಾರೆ. ಒಬ್ಬರು ಮೂರು ವರ್ಷ ಬಂದ್ರು."

ಕೂಗಾಡಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಯಾವ ಮುಖ ಇಟ್ಟುಕೊಂಡು ಕೂಗಾಡುವುದು? ಮೀನಿನ ತೊಟ್ಟಿ ಎಲ್ಲಿಡಬೇಕು ಎಂದು ಇವಳು ಕೇಳಿದ್ದರೆ ಅವರೂ ಆ ಮೂಲೆಯನ್ನೇ ತೋರಿಸುತ್ತಿದ್ದರು. ಬಾಯಿ ಮುಚ್ಚಿಕೊಂಡು ಬಂದು, ಅಷ್ಟರಲ್ಲಿ ರಕ್ತ ಕೊಟ್ಟು ಬಂದಿದ್ದ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಮನೆಗೆ ಬಂದ ಮೇಲೆ ಅವಳ ಖುಷಿ ಹೇಳತೀರದು. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿರಲಿಲ್ಲ ಅವಳು. ನಾಲ್ಕು ವರ್ಷದಿಂದ ಗುಟುಕು ಗುಟುಕಾಗಿ ಅಳೆದು ಕುಡಿಯುತ್ತಿದ್ದಳು. "ಆಪರೇಷನ್ ಆದ ಮೇಲೆ ಮೊದಲು ಒಂದು ತಂಬಿಗೆ ತಣ್ಣೀರು ಗಟಗಟ ಅಂತ ಎತ್ತಿ ಕುಡೀತೀನಿ ನೋಡಿ. ಯಾರು ತಡೀತಾರೋ ತಡೀಲಿ." ಮೇಷ್ಟ್ರು ನಕ್ಕರು. ನಾಳೆ ಹೇಳಿದರಾಯಿತು ಅಂದುಕೊಂಡರು. ಶುಕ್ರವಾರವೂ ನಾಳೆ ಅಂದುಕೊಂಡರು, ಶನಿವಾರವೂ. ಶನಿವಾರ ಸಂಜೆ ಅವಳೇ ಹೇಳಿದಳು: "ನಾಳೆ ನಾನೂ ಬರ್ತೀನಿ. ಇಪ್ಪತ್ತೆರಡು ವರ್ಷದಲ್ಲಿ ನಿಮ್ಮ ಪಾರ್ಕಿಗೆ ಒಂದು ಸಲಾನೂ ಬಂದಿಲ್ಲ. ಈಗ ಮೈಯಲ್ಲಿ ಏನೋ ಕಸುವು ಬಂದಂಗಿದೆ. ಸ್ಟಾಫ್ ಗೇಟಿಂದ ಬೇಡ. ಎಲ್ಲರ ಹಾಗೆ ನಿಮ್ಮ ಕ್ಯೂನಲ್ಲೇ ನಿಂತು ಒಳಗೆ ಹೋಗ್ಬೇಕು." ಮೇಷ್ಟ್ರು ಹೂಂ ಅಂದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ತೊಂಬತ್ತು ನಿಮಿಷದ ಬೋರ್ಡು ದಾಟಿ ಸಾಲು ಟಿಕೆಟ್ ಕೌಂಟರಿನವರೆಗೆ ಹೋಗಿತ್ತು. ದೋಣಿಗಳು ಹನ್ನೊಂದಕ್ಕೆ ಹೊರಡಬೇಕಿತ್ತು. ಹನ್ನೊಂದೂಕಾಲಾಯಿತು. ಕೊರಳಿಗೆ ವಾಕಿಟಾಕಿ ನೇತುಹಾಕಿಕೊಂಡ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಬಂದು ಮೇಷ್ಟ್ರನ್ನು ಪಕ್ಕಕ್ಕೆ ಕರೆದ.

"ಪಂಪು ಸುಟ್ಟುಹೋಗಿದೆ. ನೀರು ಏರ್ತಾ ಇಲ್ಲ, ಇವತ್ತು ಆಗೋ ಮಾತಲ್ಲ. ಆದ್ರೆ ಕ್ಯೂ ಕರಗಬಾರದು ಮೇಷ್ಟ್ರೇ. ಟಿವಿಯವರು ಬಂದಿದಾರೆ, ಕ್ಯೂನೇ ತೋರಿಸ್ತಿದಾರೆ. ಸಂಜೆವರೆಗೆ ಹೇಗಾದ್ರೂ ಹಿಡ್ಕೊಳ್ಳಿ. ಸ್ಪೀಕರ್ ಜೋರು ಮಾಡ್ಸಿ, ಎರಡನೇ ಕೋಣೆಗೆ ಇನ್ನಷ್ಟು ಜನರನ್ನ ಬಿಡಿ. ಯಾರಿಗೂ ಬಾಯಿ ಬಿಡಬೇಡಿ."

ಇಂಥ ದಿನಗಳನ್ನು ಮೇಷ್ಟ್ರು ಹಿಂದೆಯೂ ದಾಟಿಸಿದ್ದರು. ತಲೆಯಾಡಿಸಿ ಎರಡನೇ ಕೋಣೆಗೆ ಹೋದರು. ಐವತ್ತು ಜನ ಹಿಡಿಸುವಲ್ಲಿ ಎಂಬತ್ತು ಜನ ನಿಂತಿದ್ದರು. ಮುಚ್ಚಿದ ಬಾಗಿಲ ಆಚೆಯಿಂದ ಯಾರೋ ಬಡಿಯುವ ಸದ್ದು, ನೀರಿನ ಸದ್ದು, ನಡುನಡುವೆ ಕ್ಯಾಂಟೀನಿನ ಹೆಂಗಸರ ಕಿರುಚಾಟ. ಒಂದೊಂದು ಕಿರುಚಾಟಕ್ಕೂ ಜನ ಹೋ ಎಂದು ನಕ್ಕು ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತಿದ್ದರು. ಅವರ ನಡುವೆ, ಸಾಲಿನ ಅರ್ಧದಲ್ಲಿ, ಹೆಂಡತಿ ತನ್ನ ಹಿಂದೆ ನಿಂತ ಕಾಲೇಜು ಹುಡುಗಿಗೆ ಫೋಟೋಗಳನ್ನು ತೋರಿಸುತ್ತ, "ಇದನ್ನೆಲ್ಲ ನಮ್ಮನೆಯವರೇ ಮಾಡಿಸಿದ್ದು" ಎನ್ನುತ್ತಿದ್ದಳು. ಅವಳ ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಕಣ್ಣು ಮಾತ್ರ ಬಾಗಿಲಿನ ಮೇಲಿತ್ತು. ಗುರುವಾರ ಬಿಳಿ ಬಾಗಿಲನ್ನು ನೋಡುತ್ತಿದ್ದಾಗ ಇದ್ದದ್ದೂ ಇದೇ ಮುಖ.

ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಗೋಡೆಗೆ ಆನಿಸಿದ್ದ ಸ್ಟೂಲು ಎಳೆದು ಅದರ ಮೇಲೆ ಹತ್ತಿ ನಿಂತರು.

"ಎಲ್ಲ ಸ್ವಲ್ಪ ಕೇಳಿ. ಒಳಗಡೆ ಪಂಪು ಕೆಟ್ಟಿದೆ. ಇವತ್ತು ಈ ಬಾಗಿಲು ತೆರೆಯಲ್ಲ. ಸುಮ್ಮನೆ ನಿಲ್ಲಬೇಡಿ, ಮನೆಗೆ ಹೋಗಿ."

ಅಷ್ಟರಲ್ಲಿ ಸ್ಪೀಕರು ಕಿರುಚಿತು. ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು. ಯಾರೋ ಸಿಳ್ಳೆ ಹೊಡೆದರು. "ಅಜ್ಜನ ಆಕ್ಟಿಂಗು ಸಕ್ಕತ್ತಾಗಿದೆ!" ಎಂದಿತು ಒಂದು ದನಿ. "ಕ್ಯೂ ಕಮ್ಮಿ ಮಾಡೋಕೆ ಹೇಳ್ತಿದಾರೆ, ಯಾರೂ ಕದಲಬೇಡಿ," ಎಂದಿತು ಇನ್ನೊಂದು.

"ನಿಜ ಹೇಳ್ತಿದೀನಿ ಕಣ್ರಪ್ಪಾ," ಎಂದರು ಮೇಷ್ಟ್ರು. ಆ ಮಾತಿಗೆ ಇನ್ನೂ ಜೋರಾಗಿ ನಕ್ಕರು. ಹತ್ತಾರು ಫೋನುಗಳು ಅವರ ಮುಖದ ಕಡೆ ತಿರುಗಿದವು. ಹೊರಟವರು ಇಬ್ಬರೇ, ಮಗು ರಚ್ಚೆ ಹಿಡಿದಿದ್ದಕ್ಕೆ ಬೇಸತ್ತಿದ್ದ ಗಂಡ ಹೆಂಡತಿ.

ಮೇಷ್ಟ್ರು ಸ್ಟೂಲಿನಿಂದ ಇಳಿದು ಹಗ್ಗದ ಈಚೆಯಿಂದಲೇ ಹೆಂಡತಿಯ ಕೈ ಹಿಡಿದುಕೊಂಡರು. "ಬಾ, ಹೋಗೋಣ."

"ನಿಮ್ಮ ಆಟ ನಂಗೊತ್ತಿಲ್ವಾ?" ಅವಳು ಹುಡುಗಿಯ ಕಡೆ ನೋಡಿ ಕಣ್ಣು ಮಿಟುಕಿಸಿದಳು. "ಇಷ್ಟು ಹೊತ್ತು ನಿಂತಿದೀನಿ, ಈಗ ಬಾಗಿಲ ಹತ್ತಿರ ಬಂದು ಹೋಗ್ತೀನಾ?"

"ಆಟ ಅಲ್ಲ ಕಣೇ." ಅವರು ಕೈ ಬಿಡಲಿಲ್ಲ. "ಆಸ್ಪತ್ರೆಯ ಆ ಕೋಣೆಯಿಂದಲೂ ಯಾರನ್ನೂ ಕರೆಯಲ್ಲ. ನಿನ್ನ ಹೃದಯ ಆಪರೇಷನ್ ತಡೆಯಲ್ವಂತೆ. ಗುರುವಾರವೇ ನಂಗೆ ಹೇಳಿದ್ರು. ಆ ಬಿಳಿ ಬಾಗಿಲ ಹಿಂದೆ ಇರೋದು ಸ್ಟೋರ್ ರೂಮು. ಹೇಳೋಕೆ ನಂಗೆ ಧೈರ್ಯ ಬರಲಿಲ್ಲ."

ಅವಳು ಗಂಡನ ಮುಖವನ್ನೇ ನೋಡುತ್ತ ನಿಂತಳು. ತುಟಿಯ ಮೇಲಿನ ನಗು ಹೋಗಲು ತುಂಬ ಹೊತ್ತು ಹಿಡಿಯಿತು. ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೆ ಇವರು ಯಾವಾಗ ಸುಳ್ಳು ಹೇಳುತ್ತಾರೆ, ಯಾವಾಗ ಇಲ್ಲ ಎಂದು ಗೊತ್ತಿತ್ತು.

"ಸ್ಟೋರ್ ರೂಮಾ?" ಅಂದಳು.

"ಹೂಂ."

"ಈ ಬಾಗಿಲ ಹಿಂದೆ?"

"ಇಲ್ಲಿ ದೋಣಿ ಇದಾವೆ. ಇವತ್ತು ಹೋಗಲ್ಲ."

ಮಗುವಿನವರು ಹೊರಟುಹೋದಲ್ಲಿ, ಅವಳ ಮುಂದೆ, ಎರಡು ಹೆಜ್ಜೆಯಷ್ಟು ನೆಲ ಖಾಲಿ ಉಳಿದಿತ್ತು. ಹಿಂದಿನ ಹುಡುಗಿ ಮೆಲ್ಲಗೆ ಅವಳ ಭುಜ ಮುಟ್ಟಿದಳು. "ಆಂಟಿ, ಮುಂದೆ ಜಾಗ ಆಗಿದೆ. ಹೋಗ್ತೀರಾ?"

ಅವಳು ತಿರುಗಿ ಆ ಜಾಗವನ್ನು ನೋಡಿದಳು. ಗಂಡನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಊದಿದ ಕಾಲನ್ನು ಎತ್ತಿಟ್ಟು ಒಂದು ಹೆಜ್ಜೆ ಹೋದಳು, ಇನ್ನೊಂದನ್ನೂ ಇಟ್ಟು, ಬಾಗಿಲಿಗೆ ಮುಖ ಮಾಡಿ ನಿಂತಳು. ಅವಳ ಹಿಂದೆ ಹುಡುಗಿ ಎರಡು ಹೆಜ್ಜೆ ಸರಿದಳು, ಹುಡುಗಿಯ ಹಿಂದಿನವರು ಸರಿದರು, ಹಾಗೇ ಒಬ್ಬೊಬ್ಬರಾಗಿ ಕೋಣೆಯುದ್ದಕ್ಕೂ, ಅದರಾಚೆ ತಿರುವಿನವರೆಗೂ ಜನ ಎರಡೆರಡು ಹೆಜ್ಜೆ ಮುಂದೆ ಬಂದರು.